ಭೀಮೆಯ ನೀರು, ಕೃಷ್ಣೆಯ ಅಳಿವೆ

ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿನೊಡನೆ ಬೆರೆಯುವ ಜಾಗಕ್ಕೆ ಕನ್ನಡದಲ್ಲಿ ಅಳಿವೆ ಎನ್ನುತ್ತಾರೆ. ಮರಾಠಿಯಲ್ಲಿ ಇದಕ್ಕೆ ಖಾಡಿ ಎಂಬ ಮಾತು ಬಳಕೆಯಲ್ಲಿದೆ. ಸೋಲಾಪುರ ಜಿಲ್ಲೆಗೆ ಸಮುದ್ರವಿಲ್ಲ. ಆದರೂ ಅಕ್ಕಲಕೋಟ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳ ಹಳ್ಳಕೊಳ್ಳಗಳಲ್ಲಿ ಹರಿಯುವ ನೀರು ಕೊನೆಗೆ ಸೇರುವುದು ಒಂದು ಅಳಿವೆಯನ್ನೇ.

ನೀರಿನ ದಾರಿ

ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿಯ ಉದ್ದ ಸುಮಾರು 861 ಕಿ.ಮೀ. ದಕ್ಷಿಣ ಸೋಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿ ಇದನ್ನು ಕೂಡುತ್ತದೆ. ಕೂಡಲ ಎಂಬ ಹೆಸರೇ ಸಂಗಮವನ್ನು ಹೇಳುತ್ತದೆ. ಇಲ್ಲಿನ ಸಂಗಮೇಶ್ವರ ದೇವಸ್ಥಾನದಲ್ಲಿ ಹಳೆಯ ಮರಾಠಿ ಶಾಸನವೂ ಇದೆ. ಅಕ್ಕಲಕೋಟ ತಾಲೂಕಿನ ಬೋರಿ ನದಿ ಸಹ ಭೀಮೆಯ ಉಪನದಿಯೇ. ಮುಂದೆ ಭೀಮೆ ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ದಾಟಿ, ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಆಂಧ್ರಪ್ರದೇಶದ ಹಂಸಲದೀವಿ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ.

ಅಳಿವೆಯ ಜೀವರಾಶಿ

ಅಳಿವೆಯ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ನದಿ ತಂದ ಹೂಳು, ಗೊಬ್ಬರದಂಶ ಅಲ್ಲಿ ನಿಲ್ಲುವುದರಿಂದ ಮೀನು, ಸಿಗಡಿ, ಏಡಿ, ಚಿಪ್ಪಿಮೀನುಗಳಿಗೆ ಆಹಾರ ಹೇರಳ. ಸಮುದ್ರದ ಎಷ್ಟೋ ಮೀನುಗಳ ಮರಿಗಳು ಬೆಳೆಯುವುದು ಇಲ್ಲಿಯೇ. ದಂಡೆಯ ಕಾಂಡ್ಲಾ ಗಿಡಗಳು (ಮರಾಠಿಯಲ್ಲಿ ಕಾಂದಳವನ) ಬೇರುಗಳಿಂದ ಮಣ್ಣು ಹಿಡಿದು ಚಂಡಮಾರುತದ ಅಲೆಗಳ ಹೊಡೆತವನ್ನು ತಗ್ಗಿಸುತ್ತವೆ. ಕೃಷ್ಣೆಯ ಮುಖದಲ್ಲಿ ಇಂಥ ಕಾಡನ್ನು ಕಾಯಲು ಕೃಷ್ಣಾ ವನ್ಯಜೀವಿ ಅಭಯಾರಣ್ಯವಿದೆ. ಮೀನು ಹಿಡಿದು ತಿನ್ನುವ ಕಾಡುಬೆಕ್ಕು ಇಲ್ಲಿನ ವಿಶೇಷ.

ಸಿಹಿನೀರು ಕಡಿಮೆಯಾದರೆ

ಭೀಮೆಗೆ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಸಂಗ್ರಹ ಸುಮಾರು 117 ಟಿ.ಎಂ.ಸಿ. ಕೃಷ್ಣೆಗೆ ಆಲಮಟ್ಟಿ, ಶ್ರೀಶೈಲ, ನಾಗಾರ್ಜುನಸಾಗರ ಮುಂತಾದವು ಇವೆ. ಇವುಗಳಿಂದ ಕಬ್ಬು, ಜೋಳ, ಕುಡಿಯುವ ನೀರು ಎಲ್ಲವೂ ಸಿಕ್ಕಿವೆ. ಆದರೆ ಸಮುದ್ರಕ್ಕೆ ತಲುಪುವ ನೀರು ಮತ್ತು ಹೂಳು ಬಹಳ ಕಡಿಮೆಯಾಗಿವೆ. 2001ರಿಂದ 2004ರವರೆಗಿನ ಬರದ ವರ್ಷಗಳಲ್ಲಿ ಕೃಷ್ಣೆಯಿಂದ ಸಮುದ್ರಕ್ಕೆ ಹೋದ ನೀರು ಅತ್ಯಲ್ಪ. ಸಿಹಿನೀರಿನ ಒತ್ತಡವಿಲ್ಲದಾಗ ಉಪ್ಪುನೀರು ಒಳನುಗ್ಗಿ ದಡದ ಬಾವಿಗಳು ಸವಳಾಗುತ್ತವೆ. ಹೂಳು ಬಾರದಿದ್ದರೆ ದಂಡೆ ಕೊರೆಯುತ್ತದೆ. ಸಿಗಡಿ ಹೊಂಡಗಳಿಗಾಗಿ ಕಾಂಡ್ಲಾ ಕಡಿದದ್ದು ಇದಕ್ಕೆ ಸೇರಿದ ಇನ್ನೊಂದು ಹಾನಿ.

ಅಣೆಕಟ್ಟಿಲ್ಲದ ನದಿಯ ಅಳಿವೆ ಹೇಗಿರುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಅಘನಾಶಿನಿ ಉದಾಹರಣೆ. ಅಲ್ಲಿ ಚಿಪ್ಪಿಮೀನು ಆರಿಸಿ ಬದುಕುವ ಕುಟುಂಬಗಳಿವೆ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಅದು ರಾಮಸಾರ್ ಪಟ್ಟಿಗೆ ಸೇರಿತು. ಮಹಾರಾಷ್ಟ್ರದ ಠಾಣೆ ಖಾಡಿ 2022ರಲ್ಲೇ ಸೇರಿತ್ತು. ಇರಾನಿನ ರಾಮಸಾರ್ ನಗರದಲ್ಲಿ 1971ರ ಫೆಬ್ರವರಿ 2ರಂದು ಆದ ಒಪ್ಪಂದದಿಂದ ಈ ಪಟ್ಟಿಗೆ ಈ ಹೆಸರು.

ಮೇಲಿನ ಊರುಗಳ ಪಾಲು

ಅಳಿವೆಯ ರಕ್ಷಣೆ ಕರಾವಳಿಯವರ ಕೆಲಸ ಮಾತ್ರವಲ್ಲ.

* ಭೀಮಾ, ಸೀನಾ ಪಾತ್ರಗಳಿಂದ ಮಿತಿಮೀರಿ ಮರಳು ತೆಗೆದರೆ ಕೆಳಗೆ ಹೋಗಬೇಕಾದ ಮರಳು ನಿಲ್ಲುತ್ತದೆ. ದಂಡೆಯ ಊರುಗಳ ಬಾವಿಗಳ ಸೆಲೆಯೂ ಇಳಿಯುತ್ತದೆ.
* ಕಬ್ಬಿಗೆ ಹನಿ ನೀರಾವರಿ ಮಾಡಿದರೆ ನೀರು ಉಳಿಯುತ್ತದೆ, ಭೂಮಿ ಸವಳಾಗುವುದೂ ತಪ್ಪುತ್ತದೆ.
* ಹೆಚ್ಚಾಗಿ ಹಾಕಿದ ರಾಸಾಯನಿಕ ಗೊಬ್ಬರ ಮಳೆಯೊಡನೆ ಹಳ್ಳ ಸೇರಿ, ನದಿಯಲ್ಲಿ ಪಾಚಿ ಮತ್ತು ಜಲಕಳೆ ಬೆಳೆಸುತ್ತದೆ.
* ಊರ ಚರಂಡಿ ಮತ್ತು ಕಾರ್ಖಾನೆಯ ಹೊಲಸು ನೀರನ್ನು ಶುದ್ಧೀಕರಿಸದೆ ನದಿಗೆ ಬಿಡಬಾರದು. ಪುಣೆಯ ಕೊಳೆ ಉಜನಿಗೆ ಬಂದು ಸೇರುವುದನ್ನು ಈ ಭಾಗದವರು ಬಲ್ಲರು. ಇಲ್ಲಿಂದ ಬಿಟ್ಟ ಕೊಳೆಯೂ ಹಾಗೆಯೇ ಕೆಳಗಿನವರ ಪಾಲಾಗುತ್ತದೆ.

ಕೂಡಲದ ಸಂಗಮದಿಂದ ಹಂಸಲದೀವಿಯ ಸಂಗಮದವರೆಗೆ ಹರಿಯುವುದು ಒಂದೇ ನೀರು. ನಡುವೆ ರಾಜ್ಯದ ಗಡಿಗಳಿವೆ. ನೀರಿಗೆ ಆ ಗಡಿ ಇಲ್ಲ.