ಸ್ಯಾಂಡ್‌ವಿಚ್ ಕೇಕ್: ಹಳೇ ಕಾಲದ ಪಾರ್ಟಿ ತಿಂಡಿಗೆ ಚೆನ್ನೈನಲ್ಲಿ ಮೊಸರಿನ ಲೇಪವೇ ಸೂಕ್ತ

ಚೆನ್ನೈ: ನೋಡಲು ಥೇಟ್ ಹುಟ್ಟುಹಬ್ಬದ ಕೇಕ್. ಕತ್ತರಿಸಿದರೆ ಒಳಗೆ ಪುದೀನಾ ಚಟ್ನಿ, ಮೊಟ್ಟೆ, ಬೀಟ್‌ರೂಟ್! ಬ್ರೆಡ್ ಪದರಗಳ ನಡುವೆ ಖಾರದ ಹೂರಣ ತುಂಬಿ, ಮೇಲೆ ಬಿಳಿ ಲೇಪ ಹಚ್ಚುವ ಈ ತಿನಿಸೇ ಸ್ಯಾಂಡ್‌ವಿಚ್ ಕೇಕ್. 1950ರ ದಶಕದಲ್ಲಿ ಅಮೆರಿಕದ ಮನೆ ಪಾರ್ಟಿಗಳಲ್ಲಿ ಕ್ರೀಮ್ ಚೀಸ್ ಹೊದ್ದ 'ಸ್ಯಾಂಡ್‌ವಿಚ್ ಲೋಫ್' ಜನಪ್ರಿಯವಾಗಿತ್ತು. ಸ್ವೀಡನ್‌ನ ಸಮಾರಂಭಗಳಲ್ಲಿ ಇದು ಇಂದಿಗೂ ಇದೆ. ನಮ್ಮ ತ್ರಿವರ್ಣ ಸ್ಯಾಂಡ್‌ವಿಚ್‌ಗೆ ದೊಡ್ಡಣ್ಣ ಎನ್ನಬಹುದು.

ಆದರೆ ಇದರ ಲೇಪಕ್ಕೆ, ಹೂರಣಕ್ಕೆ ಹಲವರು ಬಳಸುವುದು ಮಯೋನೀಸ್. ಹಸಿ ಮೊಟ್ಟೆಯಿಂದ ಮಾಡಿದ ಮಯೋನೀಸ್‌ನಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ ಎಂದು ತಮಿಳುನಾಡು ಸರ್ಕಾರ 2025ರ ಏಪ್ರಿಲ್ 8ರಿಂದ ಒಂದು ವರ್ಷ ಅದರ ತಯಾರಿಕೆ, ಮಾರಾಟವನ್ನು ನಿಷೇಧಿಸಿತ್ತು. ತೆಲಂಗಾಣ 2024ರಲ್ಲೇ ಇಂಥ ಕ್ರಮ ಕೈಗೊಂಡಿತ್ತು. ಮನೆಯ ಅಡುಗೆಮನೆಗೆ ಅಧಿಕಾರಿಗಳು ಬರಲಿಕ್ಕಿಲ್ಲ, ಬ್ಯಾಕ್ಟೀರಿಯಾ ಬರುತ್ತದೆ.

ಹಾಗಾಗಿ ಗಟ್ಟಿ ಮೊಸರೇ ಮೇಲು. 1 ಲೀಟರ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ಫ್ರಿಜ್‌ನೊಳಗೇ ರಾತ್ರಿಯಿಡೀ ನೀರು ಬಸಿಯಿರಿ. ಹೊರಗೆ ನೇತುಹಾಕಿದರೆ ಚೆನ್ನೈ ಸೆಕೆಗೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಇದಕ್ಕೆ ನುಣ್ಣಗೆ ರುಬ್ಬಿದ 200 ಗ್ರಾಂ ಪನೀರ್, ಉಪ್ಪು, ಕಾಳುಮೆಣಸಿನ ಪುಡಿ ಬೆರೆಸಿದರೆ ಲೇಪ ಸಿದ್ಧ.

ಬೇಕರಿಯಲ್ಲಿ ಹೋಳು ಮಾಡದ ಇಡೀ ಬ್ರೆಡ್ ಕೇಳಿ ತನ್ನಿ. ಹಿಂದಿನ ದಿನದ್ದಾದರೆ ಪುಡಿಯಾಗದು. ಅಂಚು ತೆಗೆದು, ಅಡ್ಡಲಾಗಿ ನಾಲ್ಕು ಪದರ ಮಾಡಿ, ಹೂರಣ ತಾಗುವ ಕಡೆಯೆಲ್ಲ ಅಂಚಿನವರೆಗೂ ಬೆಣ್ಣೆ ಸವರಿ. ಬೆಣ್ಣೆಯೇ ತೇವ ತಡೆಯುವ ಗೋಡೆ. ಚಟ್ನಿಯನ್ನು ಹುರಿಗಡಲೆ ಹಾಕಿ ನೀರಿಲ್ಲದೆ ರುಬ್ಬಿ. ಬೇಯಿಸಿ ತುರಿದ ಬೀಟ್‌ರೂಟನ್ನು ಚೆನ್ನಾಗಿ ಹಿಂಡಿ, ಕೆಳಗಿನ ಪದರಕ್ಕೇ ಹಾಕಿ. ಮೇಲಿಟ್ಟರೆ ಬಣ್ಣ ಇಳಿದು ಎಲ್ಲವೂ ಕೆಂಪು. ಮೊಟ್ಟೆಯ ಹಳದಿ ಭಾಗ ಪೂರ್ತಿ ಗಟ್ಟಿಯಾಗುವಂತೆ ಬೇಯಿಸಿ, ಲೇಪದ್ದೇ ಎರಡು ಚಮಚ ಸೇರಿಸಿ ಕಿವುಚಿ.

ಪದರ ಜೋಡಿಸಿ, ಬಿಗಿಯಾಗಿ ಸುತ್ತಿ, ಮೇಲೊಂದು ತಟ್ಟೆ ಇಟ್ಟು ಎರಡು ಗಂಟೆ ಫ್ರಿಜ್‌ನಲ್ಲಿಡಿ. ಆಮೇಲೆ ತೆಳುವಾಗಿ ಒಮ್ಮೆ ಲೇಪ ಹಚ್ಚಿ, ತಣ್ಣಗಾದ ಬಳಿಕ ಇನ್ನೊಮ್ಮೆ ದಪ್ಪಗೆ ಹಚ್ಚಿ. ಹಳೇ ಶೈಲಿ ಕಾಣುವುದು ಅಲಂಕಾರದಲ್ಲಿ. ಒಂದರ ಮೇಲೊಂದು ಒರಗಿಸಿದ ಸೌತೆ ಬಿಲ್ಲೆ, ಮೂಲಂಗಿ ಗುಲಾಬಿ, ಕ್ಯಾರೆಟ್ ಹೂವು ತುಸು ಅತಿ ಎನಿಸಿದರೂ ಇರಲಿ.

ಅತಿಥಿಗಳು ಕುಳಿತ ಮೇಲಷ್ಟೇ ಹೊರತೆಗೆದು, ಹಲ್ಲಿನ ಚಾಕುವಿನಿಂದ ಕತ್ತರಿಸಿ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಇಂಥ ತಿನಿಸು ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು; ಮೇ ತಿಂಗಳಲ್ಲಿ ಚೆನ್ನೈ 40 ಡಿಗ್ರಿ ಮುಟ್ಟುವುದುಂಟು. ಅಷ್ಟು ಹೊತ್ತು ಮೇಜಿನ ಮೇಲೇ ಉಳಿದ ತುಂಡನ್ನು ಮತ್ತೆ ಫ್ರಿಜ್‌ಗೆ ಸೇರಿಸದೆ ಎಸೆದುಬಿಡಿ.