ಬೆಂಗಳೂರು ವಿಧಾನದ ಕಾಂಪೋಸ್ಟ್ ಮತ್ತು ಬೆಕ್ಕಿನ ಲಿಟರ್

ಪಶ್ಚಿಮ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನಂತಹ ಬಡಾವಣೆಗಳಲ್ಲಿ ತಾರಸಿಯ ಮೇಲೆ ದಾಸವಾಳ, ಗುಲಾಬಿ, ಸೇವಂತಿಗೆಯ ಕುಂಡಗಳನ್ನು ನೀವು ನೋಡಿರಬಹುದು. ಪಕ್ಕದಲ್ಲೇ ಅಡುಗೆಮನೆಯ ಕಸವನ್ನು ಕೊಳೆಸುವ ಡಬ್ಬವೂ ಇರುವುದುಂಟು. ಬೆಕ್ಕು ಸಾಕಿರುವ ಮನೆಯಾದರೆ ಇನ್ನೊಂದು ಬಗೆಯ ಕಸ ಸೇರಿಕೊಳ್ಳುತ್ತದೆ. ಅದೇ ಬೆಕ್ಕಿನ ಮಲಮೂತ್ರ ಹೀರಲು ತಟ್ಟೆಯಲ್ಲಿ ಹಾಸುವ ‘ಲಿಟರ್’. ಮರದ ಹೊಟ್ಟಿನಿಂದ ಮಾಡಿದ ಲಿಟರ್ ಮಣ್ಣಿನಲ್ಲಿ ಕೊಳೆಯುತ್ತದೆ. ಹಾಗಾದರೆ ಬಳಸಿದ ಲಿಟರನ್ನು ಹೂಗಿಡಗಳಿಗೆ ಗೊಬ್ಬರ ಮಾಡಬಹುದೆ? ಈ ಬಡಾವಣೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಹಳೆಯ ಸಂಶೋಧನೆಯೊಂದು ಇದಕ್ಕೆ ಉತ್ತರ ನೀಡುತ್ತದೆ.

ಇಂದೂರಿನಿಂದ ಬೆಂಗಳೂರಿಗೆ

1924ರಿಂದ 1931ರವರೆಗೆ ಇಂದೂರಿನಲ್ಲಿ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಅವರು ಕಾಂಪೋಸ್ಟ್ ತಯಾರಿಕೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು. ಕಸಕಡ್ಡಿ ಮತ್ತು ಸಗಣಿಯನ್ನು ಪದರ ಪದರವಾಗಿ ಹಾಕಿ, ಗಾಳಿಯಾಡಲೆಂದು ಆಗಾಗ ಮಗುಚುವುದು ಅವರ ‘ಇಂದೂರು ವಿಧಾನ’. ಆದರೆ ಒಳಚರಂಡಿ ಇಲ್ಲದ ಪಟ್ಟಣಗಳಲ್ಲಿ ಮನುಷ್ಯರ ಮಲವನ್ನೂ ವಿಲೇವಾರಿ ಮಾಡಬೇಕಿತ್ತು. ಅದನ್ನು ಪದೇ ಪದೇ ಮಗುಚುವವರಾರು? ನೊಣ, ದುರ್ವಾಸನೆಗಳಿಗೆ ಪರಿಹಾರವೇನು?

1939ರಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ‘ಬೆಂಗಳೂರು ವಿಧಾನ’ದಲ್ಲಿ ಮಗುಚುವ ಕೆಲಸವೇ ಇಲ್ಲ. ಸುಮಾರು 90 ಸೆಂ.ಮೀ. ಆಳದ ಗುಂಡಿಯಲ್ಲಿ 15 ಸೆಂ.ಮೀ. ದಪ್ಪ ಕಸ, ಅದರ ಮೇಲೆ 5 ಸೆಂ.ಮೀ. ಮಲ, ಮತ್ತೆ ಕಸ - ಹೀಗೆ ತುಂಬಿ ಮೇಲೆ ಮಣ್ಣು ಮುಚ್ಚಲಾಗುತ್ತದೆ. ಮೊದಲ ದಿನಗಳಲ್ಲಿ ಒಳಗಿರುವ ಗಾಳಿಯನ್ನು ಬಳಸಿಕೊಂಡು ಸೂಕ್ಷ್ಮಜೀವಿಗಳು ಚುರುಕಾಗುತ್ತವೆ. ಒಂದು ವಾರದೊಳಗೆ ಉಷ್ಣತೆ 60 ಡಿಗ್ರಿ ಸೆ. ದಾಟುತ್ತದೆ. ಎರಡು ಮೂರು ವಾರ ನಿಲ್ಲುವ ಈ ಶಾಖವೇ ರೋಗಾಣುಗಳನ್ನೂ ಹುಳುಗಳ ಮೊಟ್ಟೆಗಳನ್ನೂ ಕೊಲ್ಲುತ್ತದೆ. ಅನಂತರ ಗಾಳಿಯಿಲ್ಲದೆ ನಿಧಾನವಾಗಿ ಕೊಳೆತು, ಕೆಲವು ತಿಂಗಳಲ್ಲಿ ವಾಸನೆಯಿಲ್ಲದ ಗೊಬ್ಬರ ಸಿದ್ಧವಾಗುತ್ತದೆ.

ಗುಂಡಿಗೆ ಮಲವನ್ನು ತಂದು ಸುರಿಯುತ್ತಿದ್ದವರು ಮಾತ್ರ ಮನುಷ್ಯರೇ ಎಂಬುದನ್ನು ಮರೆಯಬಾರದು. 1970ರ ದಶಕದಲ್ಲಿ ಕರ್ನಾಟಕದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆಗಳು 1993 ಮತ್ತು 2013ರಲ್ಲಿ ಬಂದವು.

ಬೆಕ್ಕಿನ ತಟ್ಟೆ

ಬೂದಿ, ಮರಳು ತುಂಬುತ್ತಿದ್ದ ಬೆಕ್ಕಿನ ತಟ್ಟೆಗೆ 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಜೇಡಿಮಣ್ಣಿನ ಹರಳುಗಳನ್ನು ತಂದರು. ಜೇಡಿಮಣ್ಣು ಖನಿಜ, ಅದು ಕೊಳೆಯುವುದಿಲ್ಲ. ಮರದ ಹೊಟ್ಟಿನ ಲಿಟರ್ ಹಾಗಲ್ಲ. ಹೊಟ್ಟಿನಲ್ಲಿ ಇಂಗಾಲ ಹೆಚ್ಚು, ಮೂತ್ರದಲ್ಲಿ ಸಾರಜನಕ ಹೆಚ್ಚು. ಆಚಾರ್ಯರ ಗುಂಡಿಯಲ್ಲಿದ್ದ ಜೋಡಿಯೇ ಇದು!

ಆದರೆ ಒಂದು ತೊಡಕಿದೆ. ಟಾಕ್ಸೊಪ್ಲಾಸ್ಮ ಗೊಂಡಿ ಎಂಬ ಏಕಕೋಶ ಪರೋಪಜೀವಿಯನ್ನು 1908ರಲ್ಲೇ ಗುರುತಿಸಲಾಗಿತ್ತು. ಅದರ ಗಟ್ಟಿ ಕವಚದ ಊಸಿಸ್ಟ್‌ಗಳು ಬೆಕ್ಕಿನ ಮಲದಲ್ಲಿ ಹೊರಬರುತ್ತವೆಂದು 1970ರ ಸುಮಾರಿಗೆ ಫ್ರೆಂಕೆಲ್, ದುಬೆ ಮೊದಲಾದವರು ತೋರಿಸಿದರು. ಎಲ್ಲ ಬೆಕ್ಕುಗಳಲ್ಲೂ ಅವು ಇರುವುದಿಲ್ಲ. ಇದ್ದರೆ ಒದ್ದೆ ಮಣ್ಣಿನಲ್ಲಿ ವರ್ಷಕ್ಕೂ ಮೀರಿ ಬದುಕಬಲ್ಲವು. ಗರ್ಭಿಣಿಗೆ ಹೊಸದಾಗಿ ಸೋಂಕು ತಗಲಿದರೆ ಮಗುವಿನ ಮಿದುಳು, ಕಣ್ಣುಗಳಿಗೆ ಹಾನಿಯಾಗಬಹುದು. ‘ಹೂವನ್ನು ಯಾರೂ ತಿನ್ನುವುದಿಲ್ಲವಲ್ಲ’ ಎನ್ನುವಂತಿಲ್ಲ. ಕುಂಡದ ಮಣ್ಣು ಕೆದಕಿದ ಕೈಯೇ ಬಾಯಿಗೂ ಹೋಗುತ್ತದೆ.

60 ಡಿಗ್ರಿ ಸೆ. ಉಷ್ಣತೆಯಲ್ಲಿ ಊಸಿಸ್ಟ್‌ಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ನಿಮ್ಮ ತಾರಸಿಯ ಡಬ್ಬ ಅಷ್ಟು ಕಾಯುವುದೆ? ಲೆಕ್ಕ ಹಾಕಿ. ಘನಾಕಾರದ ರಾಶಿಯಲ್ಲಿ ಮೇಲ್ಮೈಗೂ ಗಾತ್ರಕ್ಕೂ ಇರುವ ಅನುಪಾತವೆಂದರೆ 6ನ್ನು ಬದಿಯ ಅಳತೆಯಿಂದ ಭಾಗಿಸಿದಷ್ಟು. 1.5 ಮೀ. ಬದಿಯ ರಾಶಿಗೆ ಇದು 4; 30 ಸೆಂ.ಮೀ. ಬದಿಯ ಡಬ್ಬಕ್ಕೆ 20. ಅಂದರೆ ಗಾತ್ರಕ್ಕೆ ಹೋಲಿಸಿದರೆ ಡಬ್ಬದಲ್ಲಿ ಶಾಖ ಸೋರಿಹೋಗುವ ಮೇಲ್ಮೈ ಐದು ಪಟ್ಟು. ಗುಂಡಿ ಕಾದಷ್ಟು ಡಬ್ಬ ಕಾಯದಿರಲು ಇದೇ ಕಾರಣ.

ಏನು ಮಾಡಬೇಕು?

ಮಲವನ್ನು ಪ್ರತಿದಿನವೂ ತೆಗೆಯಿರಿ; ಹೊರಬಿದ್ದ ಊಸಿಸ್ಟ್ ಸೋಂಕುಕಾರಿಯಾಗಲು ಒಂದರಿಂದ ಐದು ದಿನ ಬೇಕು. ಅದನ್ನು ಕಾಂಪೋಸ್ಟಿಗೆ ಹಾಕದೆ ಭದ್ರವಾಗಿ ಸುತ್ತಿ, ಗುರುತು ಹಾಕಿ, ಹಸಿ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಕೊಡಿ. ಪೌರಕಾರ್ಮಿಕರ ಬರಿಗೈಗೆ ಅದು ತಾಗಬಾರದು. ಮೂತ್ರ ಹೀರಿದ ಹೊಟ್ಟನ್ನು ಮಾತ್ರ ಒಣ ಎಲೆ, ಹಸಿ ಕಸದೊಂದಿಗೆ ಬೇರೆ ಡಬ್ಬದಲ್ಲಿ ಕೊಳೆಸಿ. ಮಲದ ಅಂಶ ಅಲ್ಪಸ್ವಲ್ಪ ಉಳಿದಿರಬಹುದಾದ್ದರಿಂದ ಕೈಗವಸು ಧರಿಸಿ. ಗರ್ಭಿಣಿಯರು ಈ ಕೆಲಸಕ್ಕೆ ಕೈಹಾಕಬಾರದು. ಈ ಗೊಬ್ಬರ ಹೂಗಿಡಕ್ಕೆ ಮಾತ್ರ. ಕೊತ್ತಂಬರಿ, ಮೆಂತ್ಯದ ಕುಂಡಗಳಿಗೆ ಬೇಡ.

ಶಿಕ್ಷಕರು ತರಗತಿಯಲ್ಲೊಂದು ಪ್ರಯೋಗ ಮಾಡಿಸಬಹುದು. ಬೆಕ್ಕಿನ ಲಿಟರ್ ಬೇಡ. ಎಲೆ, ತರಕಾರಿ ಸಿಪ್ಪೆ ಸಾಕು. ಒಂದು ಸಣ್ಣ ಡಬ್ಬ, ಶಾಲೆಯ ಅಂಗಳದಲ್ಲಿ ಒಂದು ದೊಡ್ಡ ರಾಶಿ - ಎರಡರ ನಡುವಿಗೂ ಉಷ್ಣತಾಮಾಪಕ ಇಳಿಸಿ, ಎರಡು ವಾರ ದಿನಾ ಅಳೆದು ನಕ್ಷೆ ಬರೆಸಿ. ಆಚಾರ್ಯರು ಅಷ್ಟು ದೊಡ್ಡ ಗುಂಡಿಯನ್ನೇ ಏಕೆ ತೋಡಿಸಿದರೆಂಬುದು ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.