ಹೈಡ್ರೋಜನ್ ಸಮಸ್ಥಾನಿಗಳ ಬೇರ್ಪಡಿಕೆಯಲ್ಲಿ ನಮ್ಯ ಸರಂಧ್ರ ವಸ್ತುಗಳು

ಒಳಹೊಗುವ ಅನಿಲಕ್ಕೆ ತಕ್ಕಂತೆ ತಮ್ಮ ರಚನೆಯನ್ನೇ ಬದಲಿಸಿಕೊಂಡು, ಸಾಮಾನ್ಯ ಹೈಡ್ರೋಜನ್ನಿನಿಂದ ಡ್ಯೂಟೀರಿಯಮನ್ನು ಬೇರೆ ಮಾಡಬಲ್ಲ ಹರಳುಗಳು. ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದು ಕಟ್ಟಿದ ಲೋಹ-ಸಾವಯವ ಚೌಕಟ್ಟುಗಳು ಇವುಗಳಲ್ಲಿ ಮುಖ್ಯ. ಇಂತಹ ಚೌಕಟ್ಟುಗಳನ್ನು ರೂಪಿಸಿದ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರಿಗೆ 2025ರ ರಸಾಯನವಿಜ್ಞಾನದ ನೊಬೆಲ್ ಸಂದಿತು.

ಡ್ಯೂಟೀರಿಯಂ ಎಲ್ಲ ನೀರಿನಲ್ಲೂ ಇದೆ. ಅಕ್ಕಿಹೆಬ್ಬಾಳಿನಲ್ಲಿ ಹರಿಯುವ ಹೇಮಾವತಿಯ ಸಾವಿರ ಲೀಟರಿನಲ್ಲೂ ಸುಮಾರು 30 ಗ್ರಾಂ ಸಿಕ್ಕೀತು. ಕಷ್ಟವಿರುವುದು ಅದನ್ನು ಹೊರತೆಗೆಯುವುದರಲ್ಲಿ: ರಾಸಾಯನಿಕವಾಗಿ ಅದು ಹೈಡ್ರೋಜನ್ನೇ, ತೂಕ ಮಾತ್ರ ಇಮ್ಮಡಿ. ತೆಲಂಗಾಣದ ಮಣುಗೂರು ಸ್ಥಾವರದಲ್ಲಿ ಬಳಸುವ ಹೈಡ್ರೋಜನ್ ಸಲ್ಫೈಡ್ ವಿಧಾನದ ಬೇರ್ಪಡಿಕೆ ಗುಣಾಂಕ (ಒಂದು ಸಲಕ್ಕೆ ಡ್ಯೂಟೀರಿಯಮ್ಮಿನ ಪಾಲು ಎಷ್ಟು ಪಟ್ಟು ಹೆಚ್ಚುತ್ತದೆ ಎಂಬ ಅಳತೆ) ಸುಮಾರು 2.3, ಅತಿಶೀತ ಬಟ್ಟಿ ಇಳಿಸುವಿಕೆಯದು 1.5ರ ಆಸುಪಾಸು. ಆದ್ದರಿಂದಲೇ ಒಂದೇ ಕೆಲಸವನ್ನು ಎತ್ತರದ ಗೋಪುರಗಳಲ್ಲಿ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಕೈಗಾದ ತಲಾ 220 ಮೆಗಾವಾಟ್‌ನ ನಾಲ್ಕು ರಿಯಾಕ್ಟರುಗಳಿಗೆ ಡ್ಯೂಟೀರಿಯಮ್ಮಿನಿಂದಾದ ನೀರು, ಅಂದರೆ ಭಾರಜಲ, ಬೇಕೇ ಬೇಕು. ನ್ಯೂಟ್ರಾನುಗಳ ವೇಗ ತಗ್ಗಿಸುವುದೂ ಇಂಧನದ ಶಾಖ ಹೊತ್ತೊಯ್ಯುವುದೂ ಅದೇ. ಆ ಭಾರಜಲದಲ್ಲಿ ನ್ಯೂಟ್ರಾನ್ ಹೀರಿದ ಡ್ಯೂಟೀರಿಯಂ ವಿಕಿರಣಶೀಲ ಟ್ರಿಟಿಯಂ ಆಗುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ.

ಅತಿಶೀತದಲ್ಲೂ ಅಣುಗಳು ಪೂರ್ತಿ ಸ್ತಬ್ಧವಾಗುವುದಿಲ್ಲ. ಹಗುರ ಅಣುವಿನ ಕಂಪನ ಹೆಚ್ಚು, ಅದು ಹಬ್ಬುವ ಜಾಗವೂ ಹೆಚ್ಚು. ಭಾರದ ಅಣು ಒತ್ತಾಗಿ ಕೂರುತ್ತದೆ. ತೀರ ಕಿರಿದಾದ ರಂಧ್ರದಲ್ಲಿ ಈ ವ್ಯತ್ಯಾಸವೇ ಜರಡಿಯಾಗಬಹುದೆಂದು ಬೇನಾಕರ್ ಮತ್ತು ಸಂಗಡಿಗರು 1995ರಲ್ಲಿ ಸೂಚಿಸಿದರು. ಆದರೆ ಗಡುಸು ಹರಳಿನಲ್ಲಿ ಅಷ್ಟು ಕರಾರುವಾಕ್ಕಾದ ರಂಧ್ರ ಕಟ್ಟುವುದು ಸುಲಭವಲ್ಲ, ಕಟ್ಟಿದರೂ ಹಿಡಿಸುವ ಅನಿಲ ಅತ್ಯಲ್ಪ.

ನಮ್ಯ ಹರಳು ಈ ತೊಡಕನ್ನು ಬೇರೆಯೇ ಬಗೆಯಲ್ಲಿ ದಾಟುತ್ತದೆ. ಅಲ್ಯೂಮಿನಿಯಮ್ಮಿನ ಎಂಐಎಲ್-53 ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತದೆ. 2017ರಲ್ಲಿ ಅದನ್ನು ಈ ಕೆಲಸಕ್ಕೆ ಬಳಸಿ ನೋಡಲಾಯಿತು. ಇನ್ನೂ ಬೆರಗು ಹುಟ್ಟಿಸುವುದು 2022ರಲ್ಲಿ ವರದಿಯಾದ ನಿಕಲ್ಲಿನ ಡಿಯುಟಿ-8. ಖಾಲಿಯಿದ್ದಾಗ ಮುಚ್ಚಿಕೊಂಡಿರುವ ಈ ಹರಳು ಡ್ಯೂಟೀರಿಯಂ ಅನಿಲ ಬಂದಾಗ ತೆರೆದುಕೊಂಡಿತು. ಸಾಮಾನ್ಯ ಹೈಡ್ರೋಜನ್ನಿಗಾಗಲಿ, ಎರಡರ ಮಿಶ್ರ ಅಣುವಿಗಾಗಲಿ ಜಗ್ಗಲಿಲ್ಲ. ತೆರೆಯುವ ಈ ಬಗೆಯನ್ನು ನ್ಯೂಟ್ರಾನ್ ವಿವರ್ತನೆ ನೇರವಾಗಿ ತೋರಿಸಿತು. 23.3 ಕೆಲ್ವಿನ್‌ನಲ್ಲಿ ದೊರೆತ ಗುಣಾಂಕ 11.6. ಟ್ರಿಟಿಯಂ ಅನಿಲಕ್ಕೂ ಅದು ತೆರೆದೀತು ಎನ್ನುತ್ತದೆ ಗಣಕಲೆಕ್ಕ.

ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಮಾಜಿ ಅವರ ತಂಡ ನಮ್ಯ ಚೌಕಟ್ಟುಗಳನ್ನೂ ಅವುಗಳ ಅನಿಲ ಹೀರಿಕೆಯನ್ನೂ ಅಧ್ಯಯನ ಮಾಡುತ್ತ ಬಂದಿದೆ. ಕಾರ್ಖಾನೆಯ ಮಟ್ಟಕ್ಕೆ ಇರುವ ದೊಡ್ಡ ಅಡ್ಡಿ ಚಳಿ: 23.3 ಕೆಲ್ವಿನ್ ಎಂದರೆ ಸೊನ್ನೆಗಿಂತ ಸುಮಾರು 250 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಗ್ಗದ ದ್ರವ ಸಾರಜನಕ ಕೊಡುವ 77 ಕೆಲ್ವಿನ್‌ನಲ್ಲೇ ಇಷ್ಟು ಆಯ್ಕೆ ತೋರುವ ಹರಳು ಸಿಕ್ಕರೆ ಖರ್ಚು ಬಹಳ ಇಳಿಯುತ್ತದೆ.